ನಾಲ್ಕನೆಯವರಿಗೂ ಒಂದು ತಾಟು

ಮನೆಗೆ ಎಷ್ಟು ಮಂದಿ ಬಂದಿದ್ದಾರೆ ಎಂದು ತಿಳಿಯಲು ನನಗೆ ಯಾವ ಭಾಷೆಯ ವ್ಯಾಕರಣವೂ ಬೇಕಾಗಿಲ್ಲ. ಅಡುಗೆಮನೆಯ ಬಾಗಿಲಿನಿಂದ ಕತ್ತು ಚಾಚಿ, ಕಟ್ಟೆಯ ಕೆಳಗೆ ಬಿಟ್ಟ ಚಪ್ಪಲಿಗಳನ್ನು ನೋಡಿದರೆ ಸಾಕು. ಚಪ್ಪಲಿಯ ಮೂತಿ ಮನೆಯ ಕಡೆಗಿದ್ದರೆ ಉಂಡೇ ಹೋಗುವವರು. ಬೀದಿಯ ಕಡೆ ತಿರುಗಿಸಿ ಬಿಟ್ಟಿದ್ದರೆ ಚಹಾ ಕುಡಿದು ಏಳುವವರು. ಒಂದು ಅಲ್ಲಿ ಒಂದು ಇಲ್ಲಿ ಬಿದ್ದಿದ್ದರೆ ನಮ್ಮವರ ಕಡೆಯ ನೆಂಟರು, ಎಂಟು ದಿನ ಕದಲುವುದಿಲ್ಲ. ಈ ವಿದ್ಯೆಯನ್ನು ನನಗೆ ಯಾವ ಮಾಸ್ತರರೂ ಕಲಿಸಲಿಲ್ಲ, ಯಾವ ಇನ್ಸ್‌ಪೆಕ್ಟರರೂ ಬಂದು ಪರೀಕ್ಷೆ ಮಾಡಲಿಲ್ಲ. ಆದರೂ ಮದುವೆಯಾಗಿ ಮಾನ್ವಿಗೆ ಬಂದಾಗಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಕಡಿಮೆ ಬಿದ್ದದ್ದಿಲ್ಲ. ಇಂಥ ನಾನು ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ, ಒಲೆಯ ಮುಂದೆ ಕೂತು, ಇಂಗ್ಲಿಷಿನ ಸಂಖ್ಯಾವಾಚಕ ಸರ್ವನಾಮಗಳನ್ನು ಕೇಳಬೇಕಾಗಿ ಬಂತು. ಕೇಳಿದೆ. ಕೇಳಿದ ಮೇಲೆ ಆ ಭಾಷೆಯ ಬಗ್ಗೆ ನನಗೆ ಇದ್ದ ಅಷ್ಟಿಷ್ಟು ಗೌರವವೂ ಹೋಯಿತು. ಅದನ್ನು ಕಲಿತು ಮೆರೆಯುವವರ ಮೇಲೆ ಇದ್ದದ್ದು ಅದಕ್ಕಿಂತ ಮೊದಲೇ ಹೋಗಿತ್ತು.

ಆಗಿದ್ದು ಇಷ್ಟು. ಆಗಿನ್ನೂ ಯುದ್ಧ ನಡೆದಿತ್ತು. ಸಕ್ಕರೆಗೆ ಚೀಟಿ, ಸೀಮೆಎಣ್ಣೆಗೆ ಸಾಲು, ರಾಯಚೂರಿಗೆ ಹೋಗುವ ಮೋಟಾರು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಅಂದರೆ ಓಡುವುದಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತಿತ್ತು. ನಮ್ಮ ಮಗಳು ಗೌರಿಗೆ ಗಂಡು ನೋಡುತ್ತಿದ್ದೆವು. ಅವಳು ರಾಯಚೂರಿನಲ್ಲಿ ನನ್ನ ತವರಿನಲ್ಲಿದ್ದುಕೊಂಡು ನಾಲ್ಕಕ್ಷರ ಇಂಗ್ಲಿಷು ಓದಿದ್ದಳು. ಬಂದ ಸಂಬಂಧಗಳಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಒಂದೇ. ಹುಡುಗನ ಹೆಸರು ವೀರೇಶ. ರಾಯಚೂರು ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಕಾರಕೂನ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಮಾತಿನಲ್ಲಿ ನಗು ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹುಡುಗಿ ನನ್ನ ತವರಿನ ಊರಿನಲ್ಲೇ ಇರುತ್ತಾಳೆ, ಹೊಗೆಯ ಮೋಟಾರಾದರೂ ಸರಿ, ಸಂಜೆಯೊಳಗೆ ಹೋಗಿ ಮುಟ್ಟಬಹುದು ಎಂಬುದು ನನ್ನ ಆಸೆ. ಗೌರಿಯೇನೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಹುಡುಗನ ಹೆಸರು ಪಡಸಾಲೆಯಲ್ಲಿ ಬಂದಾಗಲೆಲ್ಲ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತುಬಿಡುತ್ತಿತ್ತು. ತಾಯಿಯಾದವಳಿಗೆ ಅದಕ್ಕಿಂತ ಸ್ಪಷ್ಟವಾದ ಹೇಳಿಕೆ ಬೇಕೆ?

ಅಡ್ಡ ಇದ್ದದ್ದು ಹುಡುಗನ ಸೋದರಮಾವ. ದೇವದುರ್ಗದ ಚನ್ನಬಸಪ್ಪ ಮಾಸ್ತರರು. ಆ ಮನೆಯಲ್ಲಿ ಹುಡುಗನ ತಂದೆಯ ಮಾತು ನಡೆಯುವುದು ಉಪ್ಪು ಕಡಿಮೆಯಾದಾಗ ಮಾತ್ರ, ಮಿಕ್ಕಿದ್ದೆಲ್ಲ ಮಾಸ್ತರರದು. ದೇವದುರ್ಗದಲ್ಲಿ ವರ್ಷಾನುಗಟ್ಟಲೆ ಇಂಗ್ಲಿಷು ಹೇಳಿ ನಿವೃತ್ತರಾದವರು. ಎಂದೋ ಒಮ್ಮೆ ಹೈದರಾಬಾದಿನಿಂದ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಸಂಖ್ಯಾವಾಚಕ ಸರ್ವನಾಮ ಎಂದರೇನು ಎಂದು ಕೇಳಿದ್ದಕ್ಕೆ ಶಾಲೆಯ ಮಾಸ್ತರರಲ್ಲಿ ಇವರೊಬ್ಬರೇ ಉತ್ತರ ಕೊಟ್ಟರಂತೆ. ಸಾಹೇಬರು ಕೈ ಕುಲುಕಿದರಂತೆ. ಅಂದಿನಿಂದ ಆ ಕೈಯನ್ನು ಸರಿಯಾಗಿ ತೊಳೆದಿದ್ದಾರೋ ಇಲ್ಲವೋ ನನಗೆ ಅನುಮಾನ. ಸಂತೆಯಲ್ಲಿ, ಮೋಟಾರಿನಲ್ಲಿ, ಸತ್ತವರ ಮನೆಯ ಕಟ್ಟೆಯಲ್ಲಿ ಸಹ ಅದೇ ಪ್ರಶ್ನೆ. ಕೊನೆಗೆ ಅಳಿಯನಿಗೆ ಹೆಣ್ಣು ನೋಡಲು ಹೋದಲ್ಲಿಯೂ ಅದೇ. ಮಟಮಾರಿಯ ಒಬ್ಬ ಹುಡುಗಿಗೆ, ನಿಮ್ಮ ಮನೆಯಲ್ಲಿ ಎಮ್ಮೆ ಎಷ್ಟಿವೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪಾಪದ ಹುಡುಗಿ, "ಟೂ ಬಫೆಲೋಸ್" ಎಂದಿತು. "ನಾ ಸರ್ವನಾಮ ಕೇಳಿದ್ದೆ. ನೀ ಎಮ್ಮಿನೂ ಜೋಡಿ ತಂದಿ. ಎಮ್ಮಿ ಬಂತಂದ್ರ ಅದು ವಿಶೇಷಣ" ಎಂದು ಚಹಾ ಮುಟ್ಟದೆ ಎದ್ದುಹೋದರು. ಎಮ್ಮೆಯ ಹಾಲಿನ ಚಹಾ ಅದು. ಹಿರೇಕೊಟ್ನೆಕಲ್ಲಿನ ಹುಡುಗಿ ಜಾಣೆ. ಪ್ರಶ್ನೆ ಮುಗಿಯುವ ಮೊದಲೇ ಅತ್ತುಬಿಟ್ಟಳು. ಅವಳೂ ನಪಾಸು. ಆ ಹುಡುಗನಿಗೆ ಹೆಂಡತಿ ಬೇಕಾಗಿತ್ತೋ, ದೇವದುರ್ಗದ ಶಾಲೆಗೆ ಮಾಸ್ತರಿಣಿ ಬೇಕಾಗಿತ್ತೋ, ಕೇಳುವವರು ಯಾರು?

ಅವರು ನಮ್ಮ ಮನೆಗೆ ಬರುವ ದಿನ ಗೊತ್ತಾಯಿತು. ಗೌರಿ ತನ್ನ ಹಳೆಯ ಟ್ರಂಕಿನಿಂದ ಮೇಲ್ಹೊದಿಕೆ ಹರಿದ ವ್ಯಾಕರಣದ ಪುಸ್ತಕ ತೆಗೆದಳು. ಸಾಯಂಕಾಲ ನಾನು ಜೋಳ ಹಸನು ಮಾಡುವಾಗ ಎದುರಿಗೆ ಕೂತು ಗಟ್ಟಿಯಾಗಿ ಓದುವಳು.

"ಏನಬೇ ಅದು? ನನಗೂ ತಿಳಿಯುವಂಗ ಹೇಳು," ಎಂದೆ.

"ಯವ್ವಾ, 'ಎರಡು ಎಮ್ಮಿ' ಅಂದ್ರ ಆ ಎರಡು ವಿಶೇಷಣ. ಎಮ್ಮಿ ಹೆಸರು ಬಿಟ್ಟು ಬರೇ 'ಎರಡು ಬಂದ್ವು' ಅಂದ್ರ ಅದು ಸರ್ವನಾಮ. ಎಮ್ಮಿ ಹೊರಗ ನಿಂದರ್ತದ, ಎಣಿಕಿ ಒಂದ ಒಳಗ ಬರ್ತದ."

"ಎಮ್ಮಿ ಹೊರಗ ನಿಂತು ಎಣಿಕಿ ಒಳಗ ಬಂದ್ರ ಹಾಲು ಯಾರು ಕೊಡ್ತಾರ?"

"ಹಾಲಿನ ಮಾತು ಅಲ್ಲಬೇ ಇದು!"

"ಆತು. ಎಮ್ಮಿ ಬಿಡು. ಮನುಷ್ಯರು ಇಬ್ಬರು ಬಂದ್ರ?"

"ಅದಕ್ಕೂ ಟೂ."

"ಎರಡು ಎಮ್ಮಿಗೂ ಟೂ, ಇಬ್ಬರು ಬೀಗರಿಗೂ ಟೂ?"

"ಹೂಂನಬೇ."

ಮೊರವನ್ನು ಕೆಳಗಿಟ್ಟೆ. ಇಷ್ಟು ದೊಡ್ಡ ರಾಜ್ಯ ಆಳುವ ಜನ, ಸೂರ್ಯನನ್ನೇ ಹದ್ದುಬಸ್ತಿನಲ್ಲಿಟ್ಟುಕೊಂಡವರು ಎಂದು ಹೇಳಿಸಿಕೊಳ್ಳುವ ಜನ. ಮನುಷ್ಯನಿಗೆ ಒಂದು ಮಾತು, ದನಕ್ಕೆ ಒಂದು ಮಾತು ಇಟ್ಟುಕೊಳ್ಳುವಷ್ಟೂ ಗತಿ ಇಲ್ಲವೇ ಅವರಿಗೆ? ನಮ್ಮಲ್ಲಿ ಒಬ್ಬ ಬಂದ ಎಂದರೆ ಗಂಡಸು, ಒಬ್ಬಳು ಬಂದಳು ಎಂದರೆ ಹೆಂಗಸು, ಒಬ್ಬರು ಬಂದರು ಎಂದರೆ ಕಾಲಿಗೆ ನೀರು ಕೊಡಬೇಕಾದವರು. ಇಬ್ಬರು, ಮೂವರು, ನಾಲ್ವರು ಎಂದೊಡನೆ ಅಡುಗೆಮನೆಗೆ ಸುದ್ದಿ ಮುಟ್ಟಿತು. ಎರಡು, ಮೂರು, ನಾಲ್ಕು ಎಂದರೆ ಕೊಟ್ಟಿಗೆಗೆ ಮುಟ್ಟಿತು. ಯಾರಿಗೆ ರೊಟ್ಟಿ ತಟ್ಟಬೇಕು, ಯಾರಿಗೆ ಕಣಿಕಿ ಹಾಕಬೇಕು ಎಂದು ಕೇಳುವ ಕೆಲಸವೇ ಇಲ್ಲ. ಈ ಭಾಷೆಯಲ್ಲಿ ಟೂ ಬಂದಿವೆ ಎಂದು ಹೊರಗಿನಿಂದ ಕೂಗಿದರೆ ನಾನು ತಾಟು ಹಿಡಿದು ಹೋಗಲೋ, ಹಗ್ಗ ಹಿಡಿದು ಹೋಗಲೋ?

ಅಷ್ಟಕ್ಕೇ ಮುಗಿಯಲಿಲ್ಲ. ಫ್ಯೂ ಎಂದು ಒಂದು, ಎ ಫ್ಯೂ ಎಂದು ಇನ್ನೊಂದು. ಮೊದಲನೆಯದೆಂದರೆ ಇದ್ದೂ ಇಲ್ಲದಂತೆ. ಎರಡನೆಯದೆಂದರೆ ಇಷ್ಟಾದರೂ ಇವೆಯಲ್ಲ ಎಂಬ ಸಮಾಧಾನ. ಬೆಂಕಿಪೆಟ್ಟಿಗೆ ಸಿಗದ ಆ ದಿನಗಳಲ್ಲಿ ಪೆಟ್ಟಿಗೆಯೊಳಗೆ ಉಳಿದ ಕಡ್ಡಿಗಳನ್ನು ನೋಡಿ ನಾನು ದಿನಾ ಬೆಳಗ್ಗೆ ಇದೇ ವ್ಯಾಕರಣ ಮಾಡುತ್ತಿದ್ದೆ. ಅದಕ್ಕೆ ಹೆಸರಿದೆ ಎಂದು ಗೊತ್ತಿರಲಿಲ್ಲ. ಆಮೇಲೆ ಒನ್ ಎಂಬುದು ಬಂತು. ಇದು ಎಲ್ಲಕ್ಕಿಂತ ವಿಚಿತ್ರದ್ದು. ಒನ್ ಬೆಳಗ್ಗೆ ಬೇಗ ಏಳಬೇಕು, ಒನ್ ತನ್ನ ಕೆಲಸ ತಾನು ಮಾಡಬೇಕು, ಒನ್ ದೂರು ಹೇಳಬಾರದು ಎಂದು ಪುಸ್ತಕದ ತುಂಬ ಇತ್ತು.

"ಯಾರು ಈ ಒನ್ ಅನ್ನಾಕಿ?" ಎಂದು ಕೇಳಿದೆ.

"ಆಕಿ ಅಲ್ಲಬೇ, ಯಾರೂ ಅಲ್ಲ. ಹೆಸರಿಲ್ಲದ ಯಾರೋ ಒಬ್ಬರು."

"ಹಂಗಂದ್ರ ನನಗ ಗೊತ್ತಾತು ಬಿಡು. ಬೆಳಿಗ್ಗೆ ಎಲ್ಲರಕ್ಕಿಂತ ಮೊದಲು ಏಳಾಕಿ, ಯಾರಿಗೂ ದೂರು ಹೇಳಲಾರದಾಕಿ, ಹೆಸರು ಹಿಡಿದು ಯಾರೂ ಕರೀಲಾರದಾಕಿ. ಮನಿಗೊಬ್ಬಳು ಇರ್ತಾಳ."

ಗೌರಿ ನಕ್ಕು ಪುಸ್ತಕ ಮುಚ್ಚಿದಳು. ಪಡಸಾಲೆಯಲ್ಲಿ ಕೂತಿದ್ದ ನಮ್ಮವರು ಮಾತ್ರ ನಗಲಿಲ್ಲ. ಅವರು ಅಡತಿ ಅಂಗಡಿಯಲ್ಲಿ, ಅಂದರೆ ರೈತರ ಜೋಳ ಶೇಂಗಾ ಮಾರಿಸಿಕೊಡುವ ಅಂಗಡಿಯಲ್ಲಿ ಗುಮಾಸ್ತರು. ಮಗಳ ಇಂಗ್ಲಿಷನ್ನು ತಾವೂ ಗಟ್ಟಿ ಮಾಡಿಸಬೇಕೆಂದು ಅವರಿಗೆ ಹುರುಪು. ಒಂದು ದಿನ, "ಹೇಳು, ಒನ್ನಿನಿಂದ ಶುರು ಮಾಡು," ಎಂದು ಕೂತರು. ಆದರೆ ಕಾಳು ಅಳೆಯುವ ಅಂಗಡಿಯಲ್ಲಿ ಕೂದಲು ನರೆಸಿದವರು. ಅಲ್ಲಿ ಮೊದಲ ಸೇರು ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅದೇ ರೂಢಿಯಲ್ಲಿ ಅವರು, "ಲಾಭ, ಟೂ, ತ್ರೀ" ಎಂದರು. ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. "ನೀವು ಪಾಠ ಹೇಳಿದ್ರ ಹುಡುಗಿ ಅಂಗಡಿಗೆ ಪಾಸಾಗ್ತಾಳ, ಮದುವಿಗಲ್ಲ. ಎದ್ದು ಕೈಕಾಲು ತೊಳಕೊಳ್ರಿ," ಎಂದು ನಾನೇ ಅವರನ್ನು ಆ ಕೆಲಸದಿಂದ ಬಿಡಿಸಿದೆ.

ಅಂತೂ ಆ ದಿನ ಬಂತು. ಬೆಳಗ್ಗೆಯೇ ಪಡಸಾಲೆ ಸಾರಿಸಿ, ಜಮಖಾನ ಹಾಸಿ, ಸುಸಲಾಕ್ಕೆ, ಅಂದರೆ ಒಗ್ಗರಣೆ ಮಂಡಕ್ಕಿಗೆ, ಮಂಡಾಳು ನೆನೆಹಾಕಲು ಸಿದ್ಧ ಮಾಡಿಟ್ಟು, ಬೆಲ್ಲದ ಸಜ್ಜಕ ತಿರುವಿ, ಬಜಿಗೆ ಮೆಣಸಿನಕಾಯಿ ಸೀಳಿಟ್ಟುಕೊಂಡು ಕೂತೆ. ನಾಲ್ವರು ಬರುತ್ತಾರೆ ಎಂದು ಹೇಳಿಕಳಿಸಿದ್ದರು: ಹುಡುಗ, ತಂದೆ, ತಾಯಿ, ಮಾಸ್ತರರು. ಮೋಟಾರು ದಾರಿಯಲ್ಲಿ ಎಲ್ಲೋ ನಿಂತು, ತಳ್ಳಿಸಿಕೊಂಡು, ಮಧ್ಯಾಹ್ನ ಇಳಿದ ಮೇಲೆ ಬಂದು ಮುಟ್ಟಿತು. ಎಲ್ಲರ ಮುಖಕ್ಕೂ ಇದ್ದಿಲ ಮಸಿ. ಮಾಸ್ತರರು ಮಾತ್ರ ಆ ಸೆಕೆಯಲ್ಲೂ ಕರಿಯ ಕೋಟಿನ ಒಂದು ಗುಂಡಿಯನ್ನೂ ಬಿಚ್ಚಿರಲಿಲ್ಲ. ಬೆವರು ರುಮಾಲಿನಿಂದ ಹೊರಟು ಮೀಸೆಯಲ್ಲಿ ತಂಗಿ ಮುಂದೆ ಹೋಗುತ್ತಿತ್ತು. ನಾನು ವಾಡಿಕೆಯಂತೆ ಕತ್ತು ಚಾಚಿ ಕಟ್ಟೆಯ ಕೆಳಗೆ ನೋಡಿದೆ. ಒಂದು ಜೊತೆ ಬೂಟು, ಒಂದು ಜೊತೆ ಗಂಡಸಿನ ಚಪ್ಪಲಿ, ಒಂದು ಜೊತೆ ಹೆಂಗಸಿನದು. ಇನ್ನೊಂದು ಜೊತೆ ಇರಲಿಲ್ಲ. ಹುಡುಗನ ತಂದೆಗೆ ಬೆಳಗ್ಗೆ ಹೊಟ್ಟೆನೋವು ಬಂದು ರಾಯಚೂರಿನಲ್ಲೇ ಉಳಿದರಂತೆ.

ನಾನು ಇನ್ನೊಮ್ಮೆ ಎಣಿಸಿದೆ. ನಮ್ಮ ಕಡೆ ಶುಭಕಾರ್ಯಕ್ಕೆ ಮೂವರು ಹೊರಡುವುದಿಲ್ಲ. ಹೊರಡಲೇಬೇಕಾಗಿ ಬಂದರೆ ಒಂದು ಅಡಕೆಯನ್ನೋ ಹರಳನ್ನೋ ಜೊತೆಗೆ ತೆಗೆದುಕೊಂಡು, ಅದನ್ನೇ ನಾಲ್ಕನೆಯವರೆಂದು ಹಿಡಿಯುತ್ತಾರೆ. ತಂದವರು ಅದನ್ನು ತೋರಿಸುವುದಿಲ್ಲ, ಕಂಡವರು ಕೇಳುವುದಿಲ್ಲ; ಮೂರು ಎಂಬ ಮಾತನ್ನಂತೂ ಆ ಹೊತ್ತಿನಲ್ಲಿ ಯಾರೂ ನಾಲಿಗೆಯ ಮೇಲೆ ತರುವುದಿಲ್ಲ. ಇವರು ತಂದಿದ್ದಾರೋ ಇಲ್ಲವೋ? ಹುಡುಗನ ತಾಯಿ ಗುರಮ್ಮನವರ ಮುಖ ನೋಡಿದರೆ ಶಾಸ್ತ್ರ ಬಿಡುವ ಹೆಂಗಸಿನಂತೆ ಕಾಣಲಿಲ್ಲ. ಆದರೆ ಮಾಸ್ತರರು ಕೂತ ಕ್ಷಣವೇ ನನ್ನ ಆಸೆಯನ್ನು ಕೆಡಿಸಿದರು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ನಮ್ಮವರು ಶಿವ ಶಿವ ಎಂದು ನೆಲಕ್ಕೆ ಬೆರಳು ಬಡಿದರು. ಮಾಸ್ತರರು ಗಹಗಹಿಸಿ ನಕ್ಕು, "ಏನ್ರೀ ಇದು! ಹಲ್ಲಿಗೆ ಏನು ತಿಳೀತದ? ಇಂಗ್ಲಿಷ್ ಕಲ್ತವರ ಮನ್ಯಾಗ ಇಂಥಾ ಮೂಢನಂಬಿಕಿ ಇರಬಾರದ್ರಿ," ಎಂದರು. ನಮ್ಮವರು ಬೆರಳನ್ನು ಮಡಿಚಿಕೊಂಡರು. ಸರಿ, ಇವರು ಅಡಕೆ ತಂದಿಲ್ಲ, ಬರೀ ವ್ಯಾಕರಣ ತಂದಿದ್ದಾರೆ ಎಂದುಕೊಂಡೆ.

ಗೌರಿ ಮೂರು ತಾಟುಗಳಲ್ಲಿ ತಿಂಡಿ ತಂದಿಟ್ಟು, ಗುರಮ್ಮ ಕೂಡು ಎಂದ ಮೇಲೆ ಜಮಖಾನದ ಅಂಚಿಗೆ ಕೂತಳು. ವೀರೇಶ ತಲೆ ತಗ್ಗಿಸಿ ಬಜಿಯನ್ನು ನೋಡುತ್ತ, ಬಜಿಯ ಅಂಚಿನಿಂದ ಅವಳನ್ನು ನೋಡುತ್ತಿದ್ದ. ಅವನ ಕಡೆಯಿಂದ ಸಂಬಂಧ ಅಲ್ಲಿಗೇ ಕುದುರಿತ್ತು ಎಂದು ನಾನು ಬಾಗಿಲ ಮರೆಯಿಂದಲೇ ಹೇಳಬಲ್ಲವಳಾಗಿದ್ದೆ. ಗುರಮ್ಮ ಹುಡುಗಿಯ ಕೈ ನೋಡಿದರು, ಜಡೆ ನೋಡಿದರು, "ರೊಟ್ಟಿ ಬಡೀತಿ ಏನವ್ವ?" ಎಂದು ಕೇಳಿದರು. ಅಷ್ಟರಲ್ಲಿ ಮಾಸ್ತರರು ಕೆಮ್ಮಿದರು. ಶಾಲೆಯ ಗಂಟೆ ಹೊಡೆದಂತಾಯಿತು.

"ಸಂಖ್ಯಾವಾಚಕ ಸರ್ವನಾಮ ಗೊತ್ತದ ಏನು?"

"ಗೊತ್ತದರಿ ಸರ."

"ಮೆನಿ ಹಾಕಿ ಒಂದು, ಫ್ಯೂ ಹಾಕಿ ಒಂದು ವಾಕ್ಯ ಹೇಳು. ನಾಮಪದ ಹತ್ತಿರ ಬರಬಾರದು."

ಗೌರಿ ಒಂದು ಕ್ಷಣ ಸೀರೆಯ ಅಂಚು ನೋಡಿ, "ಮೆನಿ ಟಾಕ್, ಫ್ಯೂ ಲಿಸನ್," ಎಂದಳು. ಮಾತಾಡುವವರು ಬಹಳ, ಕೇಳುವವರು ಕಡಿಮೆ ಎಂದು ಅದರ ಅರ್ಥವಂತೆ. ಮಾಸ್ತರರಿಗೆ ಅದು ತಮ್ಮನ್ನೇ ಕುಟುಕಿದ್ದು ಎಂದು ತಿಳಿಯಲಿಲ್ಲ. ವ್ಯಾಕರಣ ಸರಿಯಿದ್ದರೆ ಸಾಕು, ಅರ್ಥದ ಗೊಡವೆ ಅವರಿಗಿಲ್ಲ. "ವೆರಿ ಗುಡ್!" ಎಂದು ತೊಡೆ ತಟ್ಟಿದರು. ನಮ್ಮವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅಲ್ಲಿಗೆ ಬಿಟ್ಟಿದ್ದರೆ ಮಾಸ್ತರರ ಮರ್ಯಾದೆಯೂ ಉಳಿಯುತ್ತಿತ್ತು, ಈ ಪ್ರಬಂಧವೂ ಇರುತ್ತಿರಲಿಲ್ಲ. ಆದರೆ ಆ ಜಾತಿಯ ಜನರಿಗೆ ಸರಿಯುತ್ತರ ಬಂದರೆ ತಡೆಯುವುದಿಲ್ಲ. ತಪ್ಪು ಬರುವವರೆಗೆ ಕೇಳುತ್ತಲೇ ಇರಬೇಕು.

"ಈಗ ಕಣ್ಣೆದುರಿಂದ ಹೇಳು. ಇವತ್ತು ನಿಮ್ಮ ಮನಿಗೆ ಎಷ್ಟು ಮಂದಿ ಬಂದಾರ? ಇಂಗ್ಲಿಷಿನ್ಯಾಗ. ಬರೇ ಸರ್ವನಾಮ."

ಗೌರಿ ತಲೆಯೆತ್ತಿ ನೋಡಿ, ಸ್ಪಷ್ಟವಾಗಿ, "ತ್ರೀ ಹ್ಯಾವ್ ಕಮ್," ಎಂದಳು.

ಮಾಸ್ತರರು ವೆರಿ ಎಂದರು. ಗುಡ್ ಎನ್ನುವಷ್ಟರಲ್ಲಿ ಗುರಮ್ಮನವರ ಕೈಯ ತಾಟು ಠಣ್ಣೆಂದು ಕೆಳಗೆ ಬಿತ್ತು. "ತ್ರೀ ಅಂದ್ರ ಮೂರಲ್ಲೇನೋ ಅಣ್ಣಾ?" ರೈಲ್ವೆ ಮನೆಯ ಹೆಂಗಸು, ಗಾಡಿಯ ಅಂಕಿಗಳಷ್ಟು ಆಕೆಗೂ ಗೊತ್ತಿದ್ದವು. "ಶುಭಕಾರ್ಯಕ್ಕ ಬಂದು ಕುಂತೀವಿ, ಹುಡುಗಿ ಬಾಯಿಲೆ ಮೂರು ಅನ್ಸಿದೆಲ್ಲೋ! ಏಳು, ವೀರೇಶ. ನಡಿ ಊರಿಗೆ."

ಗೌರಿಗೆ ಈ ಪದ್ಧತಿ ಗೊತ್ತಿರಲಿಲ್ಲವೆಂದಲ್ಲ. ಕನ್ನಡದಲ್ಲಿ ಕೇಳಿದ್ದರೆ ಸತ್ತರೂ ಆ ಮಾತು ಆಡುತ್ತಿರಲಿಲ್ಲ. ಇಂಗ್ಲಿಷಿಗೂ ಶಕುನ ತಾಗುತ್ತದೆ ಎಂದು ಅವಳ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಹುಡುಗಿಯ ಮುಖ ಬಾಡಿತು. ವೀರೇಶ ಏಳಲಿಲ್ಲ, ಕೂರಲೂ ಇಲ್ಲ. ಮಂಡಿಯ ಮೇಲೆ ನಿಂತುಬಿಟ್ಟ. ಗುರಮ್ಮ ಸೆರಗು ಸರಿಪಡಿಸಿಕೊಂಡು ಎದ್ದೇ ಬಿಟ್ಟರು. ಈಗ ಮಾಸ್ತರರ ಅವಸ್ಥೆ ನೋಡಬೇಕಿತ್ತು. ವ್ಯಾಕರಣ ಸರಿ ಎಂದರೆ ತಂಗಿ ಹೋಗುತ್ತಾಳೆ, ತಪ್ಪು ಎಂದರೆ ವ್ಯಾಕರಣ ಹೋಗುತ್ತದೆ. ಮೀಸೆ ಒರೆಸಿಕೊಂಡರು. ಆಮೇಲೆ, ಹಲ್ಲಿಗೆ ನಕ್ಕ ಅದೇ ಬಾಯಿಂದ, "ರಾಂಗ್! ತ್ರೀ ಅಲ್ಲ, ಫೋರ್!" ಎಂದರು.

"ಫೋರಾ?" ಎಂದಳು ಗೌರಿ. "ಸರ, ನಾ ಕಣ್ಣಿಲೆ ಎಣಿಸೀನಿ."

"ಎಣಿಸಿದ್ದು ತಪ್ಪು."

"ನಾಲ್ಕನೆಯವರು ಎಲ್ಲಿ ಅದಾರ್ರಿ?" ಹುಡುಗಿ ನಿಜವಾಗಿಯೂ ಬಾಗಿಲ ಕಡೆ, ಕಿಟಕಿಯ ಕಡೆ ನೋಡಿದಳು. ನಮ್ಮವರೂ ಬಗ್ಗಿ ಕಂಬದ ಹಿಂದೆ ನೋಡಿದರು.

ಮಾಸ್ತರರ ಕೈ ಕೋಟಿನ ಗುಂಡಿಯ ಮೇಲೆ ಹೋಯಿತು. ವೀರೇಶ ಮೊದಲ ಸಲ ಬಾಯಿ ತೆರೆದ. "ಮಾಮಾ, ತಗೀರಿ ಹೊರಗ. ಎಷ್ಟೊತ್ತು ಅವರನ್ನ ಕಿಸೆದಾಗ ಕೂಡಸ್ತೀರಿ? ಮೋಟಾರದಾಗ ಸೈತ ಸೀಟಿನ ಮ್ಯಾಲೆ ಇಟ್ಟು, ಇಲ್ಲಿ ಮಂದಿ ಅದಾರ ಅಂತ ಒಬ್ಬ ಮುದುಕನ ಜೋಡಿ ಜಗಳಾಡಿದ್ರಿ."

"ಸುಮ್ಮಕಿರಲೇ!" ಎಂದರು ಮಾಸ್ತರರು. ಆದರೆ ಗತಿ ಇರಲಿಲ್ಲ. ಕರಿಯ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಒಳಕಿಸೆಗೆ ಕೈ ಹಾಕಿ, ಕರವಸ್ತ್ರದ ಗಂಟು ತೆಗೆದು, ಗಂಟು ಬಿಚ್ಚಿ, ಒಂದು ಇಡೀ ಅಡಕೆಯನ್ನು ಜಮಖಾನದ ನಡುವೆ ಇಟ್ಟರು. ಅದು ಸ್ವಲ್ಪ ಉರುಳಿ ನಮ್ಮವರ ಕಾಲ ಹತ್ತಿರ ನಿಂತಿತು. ನಮ್ಮವರು ಸಂಕೋಚದಿಂದ ಕಾಲು ಹಿಂದೆ ಎಳೆದುಕೊಂಡರು. ಸೆಕೆಯಲ್ಲಿ ಆ ಕೋಟು ಯಾಕೆ ಬಿಗಿದಿತ್ತು ಎಂಬುದು ಎಲ್ಲರಿಗೂ ತಿಳಿಯಿತು. ಬಯಲಿಗೆ ಬಂದ ಮೇಲೂ ಆ ಮನುಷ್ಯನಿಗೆ ನಾಚಿಕೆ ಇರಲಿಲ್ಲ. ಬೆರಳಲ್ಲಿ ಅಡಕೆಯನ್ನು ತೋರಿಸಿ, "ಇವರನ್ನ ಕೂಡಿಸಿ ಫೋರ್. ಹೇಳು, ಫೋರ್ ಹ್ಯಾವ್ ಕಮ್," ಎಂದರು.

"ಹೇಳ್ತೀನ್ರಿ ಸರ. ಫೋರ್ ಹ್ಯಾವ್ ಕಮ್." ಗೌರಿಯ ದನಿಯಲ್ಲಿ ಅಳುವೂ ಇತ್ತು, ಅದರ ಹಿಂದೆ ಇನ್ನೊಂದೂ ಇತ್ತು, ಅದು ನನ್ನ ಕಡೆಯಿಂದ ಬಂದದ್ದು. "ಆದ್ರ ಸರ, ಇದನ್ನ ಕನ್ನಡದಾಗ ಹೇಳೂದು ಹೆಂಗ? ನಾಲ್ವರು ಅಂದ್ರ ಅಡಕಿ ಮನುಷ್ಯ ಆಗ್ತದ. ನಾಲ್ಕು ಅಂದ್ರ ನೀವೂ ಅಡಕಿ ಆಗ್ತೀರಿ."

ವೀರೇಶ ನಗು ತಡೆಯಲು ಹೋಗಿ ಬಜಿಯ ಖಾರ ನೆತ್ತಿಗೇರಿ ಕೆಮ್ಮತೊಡಗಿದ. ಮಾಸ್ತರರ ಮುಖ ಹಣ್ಣಾದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. "ಇಷ್ಟು ಬಾಯಿ ಇದ್ದ ಹುಡುಗಿ ನಮ್ಮ ಮನಿಗೆ ಬ್ಯಾಡ. ನಡಿ ಗುರಮ್ಮ," ಎಂದು ಅವರೂ ಎದ್ದರು. ನಮ್ಮವರು ಕೈ ಮುಗಿದು, "ಸಣ್ಣ ಹುಡುಗಿ ಅದರಿ, ಹೊಟ್ಯಾಗ ಹಾಕ್ಕೋರಿ, ಕೂಡ್ರಿ," ಎನ್ನುತ್ತಿದ್ದರು. ಅಣ್ಣ ತಂಗಿ ಇಬ್ಬರೂ ಕಟ್ಟೆಯ ಕಡೆ ಮುಖ ಮಾಡಿದ್ದರು. ಗೌರಿ ಒಳಗೆ ಬಂದು ನೀರಿನ ಹಂಡೆಯ ಪಕ್ಕ ಗೋಡೆಗೆ ಮುಖ ಮಾಡಿ ನಿಂತಳು.

ನಾನು ಸಮಾಧಾನದ ಹೆಂಗಸು ಎಂದು ಮಾನ್ವಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ಹೊತ್ತಿಗೆ ನನ್ನ ಸಮಾಧಾನ ತಳಕ್ಕೆ ಹತ್ತಿತ್ತು. ಹಲ್ಲಿಗೆ ನಗುವ ಈ ಪಂಡಿತ ಕೋಟಿನೊಳಗೆ ಅಡಕೆಯನ್ನು ಕೂಸಿನಂತೆ ಕಾಪಾಡಿಕೊಂಡು ಬಂದು, ಕಣ್ಣಿಗೆ ಕಂಡಷ್ಟನ್ನು ಹೇಳಿದ ನನ್ನ ಮಗಳನ್ನು ನಪಾಸು ಮಾಡುತ್ತಾನೆಯೇ? ಆ ಅಡಕೆ ಹಿರಿಯರಾದರೆ ಹಿರಿಯರಿಗೆ ಆಗಬೇಕಾದ ಮರ್ಯಾದೆಯೆಲ್ಲ ಆಗಲಿ, ಇವರ ಮುಖ ಹೇಗಾಗುತ್ತದೋ ನೋಡಿಯೇ ಬಿಡೋಣ ಎಂದು ಒಳಗೆ ಹೋದೆ. ಒಂದು ತಾಟು ತೆಗೆದೆ. ಸುಸಲಾ ಹಾಕಿದೆ, ಬಜಿ ಇಟ್ಟೆ, ಸಜ್ಜಕದ ಮೇಲೆ ಒಂದು ಸೌಟು ತುಪ್ಪ ಸುರಿದೆ. ಒಂದು ಕೈಯಲ್ಲಿ ತಾಟು, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ, ಕಂಕುಳಲ್ಲಿ ಮಣೆ. ಹೊರಗೆ ಬಂದು, ಮಣೆಯನ್ನು ಹಾಕಿ, ಅಡಕೆಯನ್ನು ಎರಡು ಕೈಯಿಂದ ಎತ್ತಿ ಮಣೆಯ ಮೇಲೆ ಕೂರಿಸಿ, ಅದರ ಮುಂದೆ ತಾಟು ಇಟ್ಟೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಅಡಕೆಗೆ ಹೇಳಿದೆ:

"ತಪ್ಪಾತ್ರಿ ಯಪ್ಪಾ. ರಾಯಚೂರಿನಿಂದ ಹೊಗಿ ಕುಡಕೋತ ಬಂದೀರಿ. ನಾವು ನಿಮಗ ಕಾಲಿಗೆ ನೀರು ಸೈತ ಕೊಡಲಿಲ್ಲ. ಹುಡುಗಿ ಸಣ್ಣಾಕಿ, ನಿಮ್ಮನ್ನ ನೋಡಲಿಲ್ಲ. ಊಟ ಮಾಡ್ರಿ."

ಇಷ್ಟು ಚುಚ್ಚಿ ನಾನು ಜನ್ಮದಲ್ಲಿ ಮಾತಾಡಿದ್ದಿಲ್ಲ. ಈಗ ಮಾಸ್ತರರು ಭೂಮಿಗೆ ಇಳಿದುಹೋಗುತ್ತಾರೆ ಎಂದು ಓರೆಗಣ್ಣಿನಿಂದ ನೋಡಿದೆ. ಮಾಸ್ತರರು ಬಾಯಿ ತೆರೆದುಕೊಂಡು ನಿಂತಿದ್ದರು. ಆದರೆ ನನ್ನ ಕೈ ಹಿಡಿದದ್ದು ಗುರಮ್ಮ. ಆಕೆಯ ಕಣ್ಣಲ್ಲಿ ನೀರು.

"ಯವ್ವಾ! ನಮ್ಮತ್ತಿ ಸತ್ತ ಮ್ಯಾಲೆ ಈ ಪದ್ಧತಿ ತಿಳಿದಾಕಿನ್ನ ನಾ ನೋಡಿದ್ದಿಲ್ಲ. ನಾಲ್ಕನೆಯವರಿಗೆ ಮಣಿ ಹಾಕೂದು, ತಾಟು ಇಡೂದು, ಮಾತಾಡಸೂದು! ಈಗಿನ ಮಂದಿ ಕಿಸೆದಾಗ ಇಟ್ಕೊಂಡು ಬರ್ತಾರ, ಕಿಸೆದಾಗ ಇಟ್ಕೊಂಡು ಹೋಗ್ತಾರ. ಅಣ್ಣಾ, ಕೂಡು. ಇಂಥ ತಾಯಿ ಹೊಟ್ಯಾಗ ಹುಟ್ಟಿದ ಹುಡುಗಿನ್ನ ಬಿಟ್ಟು ನಾ ಈ ಹೊಸ್ತಿಲ ದಾಟೂದಿಲ್ಲ."

ನಾನು ಬಾಯಿ ತೆರೆದೆ. ಅಕ್ಕಾರ, ಇದು ಪದ್ಧತಿಯಲ್ಲ, ಸಿಟ್ಟು ಎಂದು ಹೇಳಬೇಕಿತ್ತು. ಆದರೆ ಹಂಡೆಯ ಪಕ್ಕದ ಬಿಕ್ಕು ನಿಂತಿತ್ತು. ಗೌರಿ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ. "ನಮ್ಮ ಹಿರಿಯರು ಹಾಕಿಕೊಟ್ಟದ್ದರೀ," ಎಂದೆ. ಯಾವ ಹಿರಿಯರು, ಯಾವಾಗ ಎಂದು ಯಾರೂ ಕೇಳಲಿಲ್ಲ. ನಮ್ಮವರಂತೂ ತಮ್ಮ ಮನೆತನದಲ್ಲಿ ಇದು ಮುತ್ತಜ್ಜನ ಕಾಲದಿಂದ ನಡೆದುಬಂದಿದೆ ಎಂದು ಗುರಮ್ಮನವರಿಗೆ ವಿವರಿಸತೊಡಗಿದರು. ಒಂದು ಕಾಲದಲ್ಲಿ ತಾಂಬೂಲವನ್ನೂ ಕೊಡುತ್ತಿದ್ದರಂತೆ. ಅಡಕೆಗೆ ತಾಂಬೂಲ! ಮಾಸ್ತರರು ಕೂತರು. ತಮ್ಮ ತಾಟು ಮುಗಿಸಿದರು. ಸ್ವಲ್ಪ ಹೊತ್ತು ಮಣೆಯ ಕಡೆ ನೋಡಿದರು. ಆಮೇಲೆ, "ಒನ್ ಷುಡ್ ನಾಟ್ ವೇಸ್ಟ್," ಎಂದು, ಅನ್ನ ಕೆಡಿಸಬಾರದು ಎಂಬ ಅರ್ಥದಲ್ಲಿ, ಅಡಕೆಯ ತಾಟನ್ನೂ ತಮ್ಮ ಕಡೆ ಎಳೆದುಕೊಂಡರು. ಆ ಒನ್ ಯಾರೆಂದು ನಾನು ತಪ್ಪು ತಿಳಿದಿದ್ದೆ. ದೇವದುರ್ಗದ ಒನ್ ಬೇರೆಯೇ ಇದ್ದ.

ಮದುವೆಯಾಯಿತು. ಗೌರಿ ರಾಯಚೂರಿನಲ್ಲಿ ಸುಖವಾಗಿದ್ದಾಳೆ. ಈಗ ತೊಡೆಯ ಮೇಲೊಂದು ಕೂಸೂ ಇದೆ. ಮಾಸ್ತರರು ಇವತ್ತಿಗೂ ಸಿಕ್ಕವರಿಗೆಲ್ಲ ಅದೇ ಪ್ರಶ್ನೆ ಕೇಳುತ್ತಾರೆ, ನಮ್ಮ ಮನೆಯವರನ್ನು ಬಿಟ್ಟು. ಎಲ್ಲವೂ ನಾನು ಬಯಸಿದಂತೆಯೇ ಆಯಿತು, ಒಂದನ್ನು ಬಿಟ್ಟು. ಗುರಮ್ಮ ಆ ಅಡಕೆಯನ್ನು ಎಸೆಯಲಿಲ್ಲ. ರೇಶಿಮೆಯ ತುಂಡಿನಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದಾರೆ. ಮಾನ್ವಿಗೆ ಬರುವಾಗಲೆಲ್ಲ ಅದು ಬರುತ್ತದೆ. ಇಬ್ಬರು ಬಂದರೂ ಬರುತ್ತದೆ, ಐವರು ಬಂದರೂ ಬರುತ್ತದೆ. "ಸಂಬಂಧ ಕೂಡಿಸಿದ ಹಿರಿಯರನ್ನ ಬಿಟ್ಟು ಬರೂದು ಹೆಂಗ್ರೀ ಬೀಗತಿ?" ಎನ್ನುತ್ತಾರೆ. ನಮ್ಮ ಓಣಿಯ ಹೆಂಗಸರು ಈಗ ಶಾಸ್ತ್ರ ಸಂಪ್ರದಾಯ ಕೇಳಲು ನನ್ನ ಹತ್ತಿರ ಬರುತ್ತಾರೆ. ಅಡಕೆಗೆ ಬಲಗಡೆ ನೀರಿಡಬೇಕೋ ಎಡಗಡೆಯೋ ಎಂದು ಒಬ್ಬಾಕೆ ಕೇಳಿದಳು. ನಾನೂ ಬಲಗಡೆ ಎಂದು ಗಂಭೀರವಾಗಿ ಹೇಳಿ ಕಳಿಸಿದೆ. ನಮ್ಮವರೂ ಈಗ ತಮ್ಮ ಮುತ್ತಜ್ಜನ ಕಥೆಯನ್ನು ತಾವೇ ನಂಬಿಬಿಟ್ಟಿದ್ದಾರೆ; ಸತ್ಯ ಗೊತ್ತಿರುವುದು ಗೌರಿಗೊಬ್ಬಳಿಗೇ. ಅವಳು ಅತ್ತೆಯ ಹಿಂದೆ ನಿಂತು ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ಹೋದ ಸಲ ಬಂದಾಗ ಮನೆಯಲ್ಲಿ ತುಪ್ಪ ತಳ ಕಂಡಿತ್ತು. ಮಾತಾಡದ ಜೀವ, ಇದಕ್ಕೇನು ತಿಳಿಯುತ್ತದೆ ಎಂದು ಅಡಕೆಯ ತಾಟಿನಲ್ಲಿ ಸಜ್ಜಕಕ್ಕೆ ತುಪ್ಪ ಹಾಕದೆ ತಂದಿಟ್ಟೆ. ಗುರಮ್ಮನವರ ಕಣ್ಣು ಬಿತ್ತು.

"ಯಾಕ ಬೀಗತಿ, ಅವರ ಮ್ಯಾಲೆ ಏನಾರ ಸಿಟ್ಟೇನು?"

"ಅಯ್ಯ, ಎಲ್ಲೀದರಿ! ಕಾಸಿ ತರಾಣ ಅಂತ ಬಿಟ್ಟು ಬಂದಿದ್ದೆ," ಎಂದು ತಾಟು ಎತ್ತಿಕೊಂಡು ಒಳಗೆ ಹೋದೆ. ಪಕ್ಕದ ಮನೆಗೆ ಓಡಿ ಒಂದು ಬಟ್ಟಲು ತುಪ್ಪ ಕಡ ತಂದು, ಒಲೆಯ ಮುಂದೆ ಕೂತು ಕಾಸಿದೆ. ಕಾಸುತ್ತ ಕಾಸುತ್ತ ಒಂದು ಸೌಟು ಸಾಕೇ, ಎರಡು ಬೇಕೇ ಎಂದು ಯೋಚಿಸಿದೆ. ಎರಡೇ ಹಾಕಿದೆ. ಏನೇ ಆಗಲಿ, ಮಗಳನ್ನು ಕೊಟ್ಟ ಮನೆಯ ಹಿರಿಯರು; ನಾಳೆ ಒಂದು ಮಾತು ಬರಬಾರದು.